ಎಲೆಯ ಮಚ್ಚೆ, ಕಾಳಿನ ತೂಕ: ಮೆಕ್ಕೆಜೋಳದ ಎಲೆ ಅಂಗಮಾರಿ ರೋಗ ಮತ್ತು ಇಳುವರಿ



ಕರ್ನಾಟಕದ ಕೆಲವು ಭಾಗಗಳಲ್ಲಿ ಗೋವಿನಜೋಳವೆಂದೂ ಮತ್ತೆ ಕೆಲವೆಡೆ ಮುಸುಕಿನ ಜೋಳವೆಂದೂ ಹೆಸರಾಗಿರುವ ಮೆಕ್ಕೆಜೋಳವು ದಾವಣಗೆರೆ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗ, ಬೆಳಗಾವಿ, ಹಾಸನ ಮೊದಲಾದ ಜಿಲ್ಲೆಗಳಲ್ಲಿ ಮುಂಗಾರು ಮಳೆಯನ್ನೇ ನಂಬಿ ಬೆಳೆಯುವ ಸಾವಿರಾರು ಕುಟುಂಬಗಳ ವರ್ಷದ ಲೆಕ್ಕಾಚಾರವನ್ನು ನಿರ್ಧರಿಸುವ ಬೆಳೆಯಾಗಿದೆ. ಕೋಳಿ ಆಹಾರ, ಪಿಷ್ಟದ ಕಾರ್ಖಾನೆ, ಈಚೆಗೆ ಎಥನಾಲ್ ಘಟಕ, ಹೀಗೆ ಕಾಳಿಗೆ ಬೇಡಿಕೆ ಹಲವು ದಿಕ್ಕುಗಳಿಂದ ಬರುತ್ತಿರುವ ಈ ಕಾಲದಲ್ಲಿ ಎಕರೆಗೆ ಎಷ್ಟು ಕ್ವಿಂಟಲ್ ಎಂಬ ಪ್ರಶ್ನೆ ಹಿಂದೆಂದಿಗಿಂತಲೂ ಮುಖ್ಯವಾಗಿದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಸುತ್ತಲಿನ ಹೊಲಗಳಲ್ಲಿ ದೇಶದಲ್ಲೇ ಮೊದಲ ಬಾರಿಗೆ ಪತ್ತೆಯಾದ ಫಾಲ್ ಸೈನಿಕ ಹುಳು ಅಂದಿನಿಂದ ಬೆಳೆಗಾರರ ಗಮನವನ್ನೆಲ್ಲ ತನ್ನತ್ತ ಸೆಳೆದುಕೊಂಡಿದೆ. ಹುಳು ತಿಂದ ಸುಳಿ ದಾರಿಯಲ್ಲಿ ನಡೆದು ಹೋಗುವವರ ಕಣ್ಣಿಗೂ ಬೀಳುತ್ತದೆ. ಆದರೆ ಕೆಳಗಿನ ಎಲೆಯ ಮೇಲೆ ಮೂಡಿ ಮೆಲ್ಲನೆ ಮೇಲೇರುವ ಶಿಲೀಂಧ್ರದ ಮಚ್ಚೆ ಸುಲಭವಾಗಿ ಕಾಣುವುದಿಲ್ಲ, ಕಂಡಾಗಲೂ ಅದರ ಬೆಲೆ ಎಷ್ಟೆಂದು ಕಣ ಮುಗಿಯುವವರೆಗೆ ತಿಳಿಯುವುದಿಲ್ಲ.

ಈ ಉಪನ್ಯಾಸದ ವಿಷಯ ಮೆಕ್ಕೆಜೋಳದ ಎಲೆ ಅಂಗಮಾರಿ ರೋಗ, ಅದರಲ್ಲೂ ಮುಖ್ಯವಾಗಿ ಟರ್ಸಿಕಂ ಎಲೆ ಅಂಗಮಾರಿ. ಎಲೆಯ ಮೇಲೆ ಕಾಣುವ ಎಲ್ಲ ತೊಂದರೆಗಳನ್ನೂ ಇಲ್ಲಿ ಒಳಗೊಳ್ಳುವ ಉದ್ದೇಶವಿಲ್ಲ. ಬಿಳಿ ಸುಳಿ ರೋಗ ಅಥವಾ ಕೇದಿಗೆ ರೋಗವೆಂದು ಕರೆಯುವ ಬೂಜು ತುಪ್ಪಟ ರೋಗವನ್ನು ಉಂಟುಮಾಡುವ ಜೀವಿ ನೋಟಕ್ಕೆ ಶಿಲೀಂಧ್ರದಂತಿದ್ದರೂ ವಂಶದಲ್ಲಿ ಪಾಚಿಗಳಿಗೆ ಹತ್ತಿರವಾದುದು. ಅದು ಎಳೆಯ ಗಿಡವನ್ನೇ ಇಡಿಯಾಗಿ ಹಿಡಿಯುವುದರಿಂದ ಅದರ ಚರ್ಚೆಯ ದಾರಿಯೇ ಬೇರೆ. ಇಲ್ಲಿನ ವಿವರಣೆ ನಾಲ್ಕು ಭಾಗಗಳಲ್ಲಿ ಸಾಗುತ್ತದೆ: ಮೊದಲನೆಯದು ರೋಗಕಾರಕದ ಸ್ವಭಾವ ಮತ್ತು ಬದುಕು, ಎರಡನೆಯದು ಎಲೆಯ ನಷ್ಟ ಕಾಳಿನ ನಷ್ಟವಾಗುವ ಬಗೆ, ಮೂರನೆಯದು ತಳಿಗಳ ನಿರೋಧಕ ಶಕ್ತಿ ಮತ್ತು 1970ರಲ್ಲಿ ಅಮೆರಿಕ ಕಲಿತ ಪಾಠ, ನಾಲ್ಕನೆಯದು ಹೊಲದಲ್ಲಿ ಆಗಬೇಕಾದ ಕೆಲಸ. ಈ ನಾಲ್ಕನ್ನೂ ಜೋಡಿಸುವ ಮಾತು ಒಂದೇ: ಇಳುವರಿಯ ನಷ್ಟವನ್ನು ನಿರ್ಧರಿಸುವುದು ಮಚ್ಚೆಗಳ ಸಂಖ್ಯೆಗಿಂತ ಹೆಚ್ಚಾಗಿ ಆ ಮಚ್ಚೆ ಯಾವ ಎಲೆಯ ಮೇಲೆ, ಯಾವ ವಾರದಲ್ಲಿ ಬಿತ್ತು ಎಂಬುದು.

ಮೊದಲಿಗೆ ರೋಗಕಾರಕದ ಪರಿಚಯ. ಟರ್ಸಿಕಂ ಎಲೆ ಅಂಗಮಾರಿಗೆ ಕಾರಣವಾದ ಶಿಲೀಂಧ್ರವನ್ನು ಇಟಲಿಯ ಪಸ್ಸೆರಿನಿ ಎಂಬ ವಿಜ್ಞಾನಿ 1876ರಲ್ಲಿ ಮೊದಲು ವಿವರಿಸಿದನು. ಆಗ ಹೆಲ್ಮಿಂಥೋಸ್ಪೋರಿಯಂ ಟರ್ಸಿಕಂ ಎಂದಿದ್ದ ಇದರ ಹೆಸರು ಈಗ ಎಕ್ಸೆರೊಹೈಲಂ ಟರ್ಸಿಕಂ ಎಂದು ಬದಲಾಗಿದೆ. ಭಾರತದಲ್ಲಿ ಸಸ್ಯರೋಗ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಇ. ಜೆ. ಬಟ್ಲರ್ 1907ರಲ್ಲಿ ಬಿಹಾರದಿಂದ ಇದನ್ನು ವರದಿ ಮಾಡಿದರು. ಇದಕ್ಕೆ ಒಬ್ಬ ದಾಯಾದಿಯೂ ಉಂಟು: ಮೇಡಿಸ್ ಎಲೆ ಅಂಗಮಾರಿಯನ್ನು ತರುವ ಬೈಪೊಲಾರಿಸ್ ಮೇಡಿಸ್. ಎರಡರ ನಡುವಿನ ಮುಖ್ಯ ವ್ಯತ್ಯಾಸ ಹವೆಗೆ ಸಂಬಂಧಿಸಿದುದು. ಟರ್ಸಿಕಂಗೆ ಸುಮಾರು 18ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ತಂಪು ಹವೆ ಹಿತವಾದರೆ ಮೇಡಿಸ್‌ಗೆ ಬೆಚ್ಚನೆಯ ತೇವದ ಹವೆ ಬೇಕು. ಆದ್ದರಿಂದಲೇ ದಖ್ಖನ್ ಪ್ರಸ್ಥಭೂಮಿಯ ಮುಂಗಾರಿನಲ್ಲೂ ಹಿಮಾಲಯದ ತಪ್ಪಲಿನಲ್ಲೂ ಟರ್ಸಿಕಂನ ಹಾವಳಿ ಹೆಚ್ಚು.

ರೋಗದ ಗುರುತನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಪಯುಕ್ತ. ಸೋಂಕು ತಗಲಿದ ಒಂದೆರಡು ವಾರಗಳಲ್ಲಿ ಎಲೆಯ ಮೇಲೆ ನೀರಿನಲ್ಲಿ ನೆನೆದಂತಿರುವ ಬೂದು ಹಸಿರು ಬಣ್ಣದ ಸಣ್ಣ ಕಲೆ ಮೂಡಿ, ಎಲೆಯ ನರಗಳ ಜಾಡಿನಲ್ಲೇ ಉದ್ದಕ್ಕೆ ಬೆಳೆದು, ಎರಡೂ ತುದಿ ಚೂಪಾದ ದೋಣಿಯಾಕಾರವನ್ನು ತಳೆಯುತ್ತದೆ. ಇದರ ಉದ್ದ ಎರಡೂವರೆ ಸೆಂಟಿಮೀಟರಿನಿಂದ ಹದಿನೈದು ಸೆಂಟಿಮೀಟರಿನವರೆಗೂ ಹೋಗಬಹುದು. ಒಣಗಿದ ಮೇಲೆ ಮಚ್ಚೆಯ ಬಣ್ಣ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಇಬ್ಬನಿ ಬಿದ್ದ ಬೆಳಗಿನಲ್ಲಿ ಎಲೆಯನ್ನು ಮಗುಚಿ ನೋಡಿದರೆ ಮಚ್ಚೆಯ ನಡುವೆ ಕಪ್ಪು ಮಸಿ ಎರಚಿದಂತೆ ಕಾಣುವುದೇ ಬೀಜಕಣಗಳ, ಅಂದರೆ ಶಿಲೀಂಧ್ರವು ತನ್ನ ಸಂತತಿಯನ್ನು ಹರಡಲು ಬಿಡುವ ಸೂಕ್ಷ್ಮ ಕಣಗಳ, ರಾಶಿ. ತುಕ್ಕು ರೋಗವನ್ನು ಇದರಿಂದ ಬೇರ್ಪಡಿಸುವುದು ಸುಲಭ: ತುಕ್ಕಿನ ಬೊಕ್ಕೆಯ ಮೇಲೆ ಬೆರಳಾಡಿಸಿದರೆ ಇಟ್ಟಿಗೆ ಬಣ್ಣದ ಪುಡಿ ಬೆರಳಿಗೆ ಅಂಟಿಕೊಳ್ಳುತ್ತದೆ. ಎಲೆಯ ತುದಿಯಿಂದ ನಡುನರದ ಉದ್ದಕ್ಕೂ ಹಳದಿ ಬಣ್ಣ ಇಳಿದಿದ್ದರೆ ಅದು ರೋಗವಲ್ಲ, ಸಾರಜನಕದ ಕೊರತೆ; ಅದಕ್ಕೆ ಶಿಲೀಂಧ್ರನಾಶಕ ಸಿಂಪಡಿಸಿದರೆ ಹಣ ಹೋಗುತ್ತದೆಯೇ ಹೊರತು ಹಳದಿ ಹೋಗುವುದಿಲ್ಲ.

ಈ ಶಿಲೀಂಧ್ರದ ಬದುಕಿನ ಚಕ್ರ ಹೊಲದಲ್ಲೇ ಆರಂಭವಾಗಿ ಹೊಲದಲ್ಲೇ ಮುಗಿಯುತ್ತದೆ. ಕಟಾವಾದ ಮೇಲೆ ನೆಲದಲ್ಲಿ ಉಳಿಯುವ ರೋಗದ ಎಲೆ, ದಂಟು, ರವದಿಗಳಲ್ಲಿ ಅದು ಬೇಸಿಗೆಯನ್ನು ಕಳೆಯುತ್ತದೆ. ಮರುವರ್ಷ ಮಳೆ ಬಿದ್ದು ತೇವ ಸಿಕ್ಕೊಡನೆ ಬೀಜಕಣಗಳು ಹುಟ್ಟಿ, ಗಾಳಿಯಲ್ಲಿಯೂ ಮಳೆಹನಿಯ ಸಿಡಿತದಲ್ಲಿಯೂ ಎಳೆಯ ಬೆಳೆಯ ಕೆಳಗಿನ ಎಲೆಗಳನ್ನು ತಲಪುತ್ತವೆ. ಎಲೆಯ ಮೇಲೆ ಹಲವು ಗಂಟೆಗಳ ಕಾಲ ತೇವ ನಿಂತರೆ ಬೀಜಕಣ ಮೊಳೆತು ಒಳಹೊಗುತ್ತದೆ. ಅಲ್ಲಿ ಮೂಡಿದ ಮಚ್ಚೆಯಿಂದ ಹುಟ್ಟಿದ ಹೊಸ ಬೀಜಕಣಗಳು ಇನ್ನೂ ಮೇಲಿನ ಎಲೆಗಳಿಗೆ ಏರುತ್ತವೆ. ಹೀಗೆ ಒಂದು ಹಂಗಾಮಿನಲ್ಲೇ ಈ ಸುತ್ತು ಹಲವು ಬಾರಿ ನಡೆಯುವುದರಿಂದ ಜುಲೈನಲ್ಲಿ ಅಲ್ಲೊಂದು ಇಲ್ಲೊಂದು ಕಂಡ ಮಚ್ಚೆ ಆಗಸ್ಟ್ ಕೊನೆಯ ಹೊತ್ತಿಗೆ ಇಡೀ ಹೊಲವನ್ನು ಸುಟ್ಟಂತೆ ಮಾಡಬಲ್ಲುದು. ರೋಗ ಬರಲು ರೋಗಕಾರಕ, ಅದಕ್ಕೆ ಬಗ್ಗುವ ತಳಿ ಮತ್ತು ಹಿತವಾದ ಹವೆ, ಈ ಮೂರೂ ಒಂದೇ ಕಾಲದಲ್ಲಿ ಕೂಡಬೇಕೆಂಬುದು ಸಸ್ಯರೋಗ ಶಾಸ್ತ್ರದ ಮೊದಲ ಪಾಠ. ಇದನ್ನೇ ರೋಗ ತ್ರಿಕೋನ ಎನ್ನುತ್ತಾರೆ. ಮಳೆಗಾಲದ ಹವೆಯನ್ನು ಬದಲಿಸುವುದು ಯಾರ ಕೈಯಲ್ಲೂ ಇಲ್ಲವಾದ್ದರಿಂದ ರೈತನ ಪಾಲಿಗೆ ಉಳಿಯುವುದು ತ್ರಿಕೋನದ ಇನ್ನೆರಡು ಭುಜಗಳು ಮಾತ್ರ.

ರೋಗದ ಸ್ವಭಾವವನ್ನು ಇಷ್ಟು ತಿಳಿದ ಮೇಲೆ ಉಪನ್ಯಾಸದ ಎರಡನೆಯ ಹಾಗೂ ಮುಖ್ಯವಾದ ಭಾಗಕ್ಕೆ ಬರಬಹುದು. ಎಲೆ ಹೋದರೆ ಕಾಳು ಏಕೆ ಹೋಗಬೇಕು? ಮೆಕ್ಕೆಜೋಳದ ಇಳುವರಿ ಮೂರು ಅಂಶಗಳ ಗುಣಾಕಾರ: ಎಕರೆಯಲ್ಲಿರುವ ತೆನೆಗಳು, ತೆನೆಯೊಂದರ ಕಾಳುಗಳು, ಕಾಳೊಂದರ ತೂಕ. ಮೊದಲನೆಯದು ಬಿತ್ತನೆಯ ಹೊತ್ತಿಗೇ ಬಹುಪಾಲು ತೀರ್ಮಾನವಾಗಿಬಿಡುತ್ತದೆ. ಎರಡನೆಯದು ತೆನೆಯ ತುದಿಯಲ್ಲಿ ರೇಷ್ಮೆಯಂತಹ ಎಳೆಗಳು ಹೊರಬರುವ ಕಾಲಕ್ಕೆ ಸ್ವಲ್ಪ ಮೊದಲು ಮತ್ತು ಅನಂತರದ ಎರಡು ವಾರಗಳಲ್ಲಿ ನಿಶ್ಚಯವಾಗುತ್ತದೆ. ಆ ಅವಧಿಯಲ್ಲಿ ಗಿಡಕ್ಕೆ ಆಹಾರ ಸಾಲದಿದ್ದರೆ ತೆನೆಯ ತುದಿಯ ಎಳೆಯ ಕಾಳುಗಳು ಬೆಳೆಯದೆ ಉಳಿದು ತುದಿ ಬೋಳಾಗುತ್ತದೆ. ಮೂರನೆಯದಾದ ಕಾಳಿನ ತೂಕ ಆ ಬಳಿಕದ ವಾರಗಳಲ್ಲಿ, ಕಾಳು ಹಾಲುಗಟ್ಟಿ, ಹಿಟ್ಟುಗಟ್ಟಿ, ಗಟ್ಟಿಯಾಗುವವರೆಗೆ ತುಂಬುತ್ತ ಹೋಗುತ್ತದೆ. ಕಾಳಿನ ಬುಡದಲ್ಲಿ ಕಪ್ಪು ಪದರ ಮೂಡಿದಾಗ ಆಹಾರದ ಹರಿವು ನಿಂತು ತುಂಬುವ ಕೆಲಸ ಮುಗಿಯುತ್ತದೆ.

ಈ ಆಹಾರ ಬರುವುದು ಎಲ್ಲಿಂದ ಎಂಬುದು ಮುಂದಿನ ಪ್ರಶ್ನೆ. ಕಾಳಿನಲ್ಲಿ ತುಂಬುವ ಪಿಷ್ಟದ ಬಹುಪಾಲು ರೇಷ್ಮೆ ಬಂದ ಮೇಲೆ ಎಲೆಗಳು ಸೂರ್ಯನ ಬೆಳಕಿನಲ್ಲಿ ತಯಾರಿಸಿದ ಸಕ್ಕರೆಯಿಂದಲೇ ಆದದ್ದು. ಅದರಲ್ಲೂ ತೆನೆಯ ಬುಡದಲ್ಲಿರುವ ಎಲೆ ಮತ್ತು ಅದಕ್ಕಿಂತ ಮೇಲಿನ ಎಲೆಗಳು ಬೆಳಕಿಗೂ ತೆನೆಗೂ ಹತ್ತಿರವಿರುವುದರಿಂದ ಅವುಗಳ ಕೊಡುಗೆ ಎಲ್ಲಕ್ಕಿಂತ ದೊಡ್ಡದು. ನೆರಳಿನಲ್ಲಿ ಬಿದ್ದಿರುವ ಕೆಳಗಿನ ಮೂರು ನಾಲ್ಕು ಎಲೆಗಳ ಪಾಲು ಆ ಹೊತ್ತಿಗೆ ತೀರ ಕಡಿಮೆ. ಹೀಗಾಗಿ ಕೆಳಗಿನ ಎಲೆಗಳೆಲ್ಲ ಒಣಗಿದ್ದರೂ ತೆನೆಯ ಎಲೆ ಹಸಿರಾಗಿದ್ದರೆ ಬೆಳೆ ಬಚಾವಾಗಬಹುದು. ಒಟ್ಟು ಮಚ್ಚೆ ಕಡಿಮೆಯೇ ಇದ್ದರೂ ಅವು ತೆನೆಯ ಎಲೆಯ ಮೇಲೆಯೇ ಬೇಗ ಬಿದ್ದಿದ್ದರೆ ನಷ್ಟ ಹೆಚ್ಚು. ರೋಗಕ್ಕೆ ಬೇಗ ತುತ್ತಾಗುವ ತಳಿಯಲ್ಲಿ ರೇಷ್ಮೆ ಬರುವ ಮೊದಲೇ ಅಂಗಮಾರಿ ಮೇಲಿನ ಎಲೆಗಳಿಗೆ ಏರಿದರೆ ಇಳುವರಿ ಅರ್ಧದಷ್ಟು ಕುಸಿಯಬಹುದು. ಅದೇ ರೋಗ ರೇಷ್ಮೆ ಬಂದು ಆರು ವಾರಗಳಾದ ಮೇಲೆ ಬಲಗೊಂಡರೆ ಕಾಳು ಆಗಲೇ ತುಂಬಿರುವುದರಿಂದ ನಷ್ಟ ಅತ್ಯಲ್ಪ. ದಾರಿಯಲ್ಲಿ ನಿಂತು ನೋಡುವವನಿಗೆ ಎರಡೂ ಹೊಲಗಳು ಕೊನೆಯಲ್ಲಿ ಒಂದೇ ರೀತಿ ಸುಟ್ಟಂತೆ ಕಾಣುತ್ತವೆ. ಆದರೆ ಒಂದರಲ್ಲಿ ಚೀಲ ತುಂಬುತ್ತದೆ, ಇನ್ನೊಂದರಲ್ಲಿ ತುಂಬುವುದಿಲ್ಲ.

ಈ ನಷ್ಟದ ಸ್ವರೂಪವನ್ನು ಒಂದು ಸರಳ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಅಂತರದಲ್ಲಿ ಬಿತ್ತಿದ ಒಂದು ಎಕರೆಯಲ್ಲಿ ಸುಮಾರು 22,000 ಗಿಡಗಳಿರುತ್ತವೆ. ಗಿಡಕ್ಕೊಂದು ತೆನೆ, ತೆನೆಗೆ 400 ಕಾಳು, ಕಾಳೊಂದಕ್ಕೆ 0.30 ಗ್ರಾಂ ತೂಕ ಎಂದು ಹಿಡಿದರೆ ಎಕರೆಗೆ 26 ಕ್ವಿಂಟಲ್‌ಗೆ ತುಸು ಮೇಲ್ಪಟ್ಟ ಇಳುವರಿ ಬರುತ್ತದೆ. ರೋಗದಿಂದ ಕಾಳುಗಳ ಸಂಖ್ಯೆ ಒಂದಿಷ್ಟೂ ಇಳಿಯದೆ ಪ್ರತಿಯೊಂದು ಕಾಳಿನ ತೂಕ ಮಾತ್ರ 0.24 ಗ್ರಾಂಗೆ ಇಳಿದರೆ ಇಳುವರಿ 21 ಕ್ವಿಂಟಲ್‌ಗೆ ಬಂದು ನಿಲ್ಲುತ್ತದೆ. ತೆನೆಯ ಉದ್ದ ಅಷ್ಟೇ, ಸಾಲುಗಳೂ ಅಷ್ಟೇ, ಸಿಪ್ಪೆ ಸುಲಿದಾಗಲೂ ಮೇಲ್ನೋಟಕ್ಕೆ ಕೊರತೆ ಕಾಣದು. ಆದರೂ ಎಕರೆಗೆ ಐದು ಕ್ವಿಂಟಲ್‌ಗೂ ಹೆಚ್ಚು ಕಾಳು ಇಲ್ಲವಾಗಿರುತ್ತದೆ. ಎಲೆ ರೋಗದ ನಷ್ಟವನ್ನು ರೈತರು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುವುದಕ್ಕೆ ಇದೇ ಕಾರಣ: ಅದು ತೆನೆಯನ್ನು ಕಸಿಯುವುದಿಲ್ಲ, ತೂಕವನ್ನು ಕಸಿಯುತ್ತದೆ.

ಇದರ ಜೊತೆಗೆ ಇನ್ನೊಂದು ಪರೋಕ್ಷ ನಷ್ಟವೂ ಇದೆ. ಎಲೆಗಳು ಸಾಕಷ್ಟು ಸಕ್ಕರೆ ತಯಾರಿಸಲಾರದಾಗ ತುಂಬುತ್ತಿರುವ ತೆನೆ ದಂಟಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಹೀಗೆ ಬರಿದಾದ ದಂಟು ಸೊರಗಿ, ಮಣ್ಣಿನಲ್ಲಿರುವ ಇತರ ಶಿಲೀಂಧ್ರಗಳು ತರುವ ಕಾಂಡ ಕೊಳೆ ರೋಗಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಕಟಾವಿನ ಹೊತ್ತಿಗೆ ಜೋರು ಗಾಳಿ ಮಳೆ ಬಂದರೆ ಗಿಡ ಮುರಿದು ನೆಲಕ್ಕೆ ಒರಗುತ್ತದೆ. ಒರಗಿದ ಬೆಳೆಯನ್ನು ಯಂತ್ರ ಎತ್ತಲಾರದು, ಆಳುಗಳ ಕೂಲಿ ಏರುತ್ತದೆ, ನೆಲಕ್ಕೆ ತಾಗಿದ ತೆನೆಗೆ ಬೂಸ್ಟು ಹಿಡಿಯುತ್ತದೆ. ಒಣಗಿದ ಎಲೆಯಿಂದಾಗಿ ದನಕರುಗಳ ಮೇವಿನ ಗುಣವೂ ಕೆಡುತ್ತದೆ. ಈ ನಷ್ಟಗಳು ಎಲೆ ರೋಗದ ಲೆಕ್ಕದಲ್ಲಿ ಸೇರದೆ ಗಾಳಿಮಳೆಯ ಲೆಕ್ಕಕ್ಕೆ ಹೋಗುವುದೇ ಹೆಚ್ಚು. ಕರ್ನಾಟಕದ ಮಟ್ಟಿಗೆ ಗಮನಿಸಬೇಕಾದ ಸಂಗತಿಯೆಂದರೆ, ಜೂನ್ ನಡುವಿನಲ್ಲಿ ಬಿತ್ತಿದ ಬೆಳೆ ಎರಡು ತಿಂಗಳಿಗೆ, ಅಂದರೆ ಆಗಸ್ಟ್ ನಡುವಿನ ಹೊತ್ತಿಗೆ ರೇಷ್ಮೆಗೆ ಬರುತ್ತದೆ. ಮೋಡ ಮುಸುಕಿದ ಆಕಾಶ, ಜಿಟಿಜಿಟಿ ಮಳೆ, ತಂಪು ರಾತ್ರಿಗಳಿರುವ ಆ ವಾರಗಳೇ ಟರ್ಸಿಕಂಗೂ ಪ್ರಶಸ್ತವಾದವು.

ಇಲ್ಲಿಂದ ಮೂರನೆಯ ವಿಷಯವಾದ ತಳಿಗಳ ನಿರೋಧಕ ಶಕ್ತಿಯತ್ತ ಹೊರಳುವುದು ಸಹಜ. ಏಕೆಂದರೆ ಆಳೆತ್ತರ ಬೆಳೆದು ಸಾಲುಗಳು ಹೆಣೆದುಕೊಂಡ ಹೊಲದೊಳಗೆ ನುಗ್ಗಿ ಔಷಧಿ ಹೊಡೆಯುವುದಕ್ಕಿಂತ ಬೀಜದಲ್ಲಿಯೇ ರಕ್ಷಣೆ ಇರುವುದು ಅಗ್ಗವೂ ಹೌದು, ಖಚಿತವೂ ಹೌದು. ನಿರೋಧಕ ಶಕ್ತಿಯಲ್ಲಿ ಎರಡು ಬಗೆ. ಒಂದೇ ವಂಶವಾಹಿ, ಅಂದರೆ ಜೀನ್, ಕೊಡುವ ಬಲವಾದ ರಕ್ಷಣೆ ಮೊದಲನೆಯದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆರ್ಥರ್ ಹೂಕರ್ 1960ರ ದಶಕದ ಆರಂಭದಲ್ಲಿ ಗುರುತಿಸಿದ ಎಚ್‌ಟಿ-1 ಎಂಬ ವಂಶವಾಹಿ ಇದಕ್ಕೆ ಪ್ರಸಿದ್ಧ ಉದಾಹರಣೆ: ಅದನ್ನು ಹೊಂದಿದ ಗಿಡದಲ್ಲಿ ಮಚ್ಚೆಯ ಸುತ್ತ ಹಳದಿ ಅಂಚು ಮೂಡಿ ಬೀಜಕಣಗಳ ಉತ್ಪತ್ತಿ ಬಹಳ ತಗ್ಗುತ್ತದೆ. ಆ ವಂಶವಾಹಿಯನ್ನು ಸೇರಿಸಿದ ಹೈಬ್ರಿಡ್‌ಗಳು ಎಲ್ಲೆಡೆ ಹರಡಿದ ಮೇಲೆ, 1970ರ ದಶಕ ಮುಗಿಯುವುದರೊಳಗೆ, ಅದನ್ನು ಮೀರಿ ಬೆಳೆಯಬಲ್ಲ ಶಿಲೀಂಧ್ರದ ಹೊಸ ಪ್ರಭೇದ ಅಮೆರಿಕದಲ್ಲಿ ಕಾಣಿಸಿಕೊಂಡಿತು. ಎರಡನೆಯ ಬಗೆಯಲ್ಲಿ ಹಲವು ವಂಶವಾಹಿಗಳು ಸೇರಿ ರೋಗವನ್ನು ಪೂರ್ತಿ ತಡೆಯದೆ ಅದರ ವೇಗವನ್ನು ತಗ್ಗಿಸುತ್ತವೆ. ಮಚ್ಚೆಗಳು ಕಡಿಮೆ, ಗಾತ್ರ ಚಿಕ್ಕದು, ಮೇಲೇರುವುದು ನಿಧಾನ. ಹೊಲದಲ್ಲಿ ಒಂದಿಷ್ಟು ರೋಗ ಕಂಡರೂ ತೆನೆಯ ಎಲೆಯನ್ನು ಕಾಳು ತುಂಬುವ ವಾರಗಳಲ್ಲಿ ಹಸಿರಾಗಿಡುವ ಈ ಬಗೆಯೇ ಇಳುವರಿಯ ದೃಷ್ಟಿಯಿಂದ ಹೆಚ್ಚು ಬಾಳಿಕೆಯದು.

ನಿರೋಧಕ ಶಕ್ತಿಯ ಚರ್ಚೆಯಲ್ಲಿ 1970ರ ಘಟನೆಯನ್ನು ಬಿಡುವಂತಿಲ್ಲ. ಹೈಬ್ರಿಡ್ ಬೀಜ ತಯಾರಿಸಲು ಹೆಣ್ಣು ಸಾಲಿನ ಗಿಡಗಳ ಸೂಲಂಗಿಯನ್ನು, ಅಂದರೆ ಪರಾಗ ಬಿಡುವ ಗಂಡು ಹೂವಿನ ಗೊಂಚಲನ್ನು, ಒಂದೊಂದಾಗಿ ಕಿತ್ತು ಹಾಕಬೇಕು. ಈ ಕೂಲಿಯನ್ನು ಉಳಿಸಲು ಅಮೆರಿಕದ ಬೀಜೋದ್ಯಮವು ಟೆಕ್ಸಾಸ್‌ನಲ್ಲಿ ದೊರೆತ, ಪರಾಗವೇ ಹುಟ್ಟದಂತೆ ಮಾಡುವ ಒಂದು ಗುಣವನ್ನು ಬಳಸಿಕೊಂಡಿತು. ತಾಯಿಯ ಜೀವಕೋಶದ ದ್ರವದ ಮೂಲಕ ಮಾತ್ರ ಮುಂದಿನ ಪೀಳಿಗೆಗೆ ಹೋಗುವ ಈ ಗುಣ 1970ರ ಹೊತ್ತಿಗೆ ಆ ದೇಶದ ಮೆಕ್ಕೆಜೋಳದ ಸುಮಾರು ಶೇ 85ರಷ್ಟು ಭಾಗದಲ್ಲಿ ಸೇರಿತ್ತು. ಹೈಬ್ರಿಡ್‌ಗಳ ಹೆಸರು ನೂರಾರು ಇದ್ದರೂ ಅವುಗಳ ತಾಯಿಯ ಕಡೆಯ ಬಳುವಳಿ ಒಂದೇ ಆಗಿತ್ತು. ಇಂತಹ ಗಿಡಗಳು ಮೇಡಿಸ್ ಅಂಗಮಾರಿಗೆ ಬೇಗ ಬಲಿಯಾಗುತ್ತವೆಂದು ಫಿಲಿಪೀನ್ಸ್‌ನ ವಿಜ್ಞಾನಿಗಳು 1961ರಲ್ಲೇ ಬರೆದಿದ್ದರು; ಆ ಎಚ್ಚರಿಕೆಗೆ ಅಮೆರಿಕದಲ್ಲಿ ತಕ್ಕ ಮನ್ನಣೆ ಸಿಗಲಿಲ್ಲ. ಮೇಡಿಸ್ ಶಿಲೀಂಧ್ರದ ‘ಟಿ’ ಪ್ರಭೇದವು ಸ್ರವಿಸುವ ವಿಷ ಆ ಗಿಡಗಳ ಮೈಟೊಕಾಂಡ್ರಿಯಗಳನ್ನು, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಕಣಗಳನ್ನು, ತೂತು ಮಾಡಿ ಕೆಡಿಸುತ್ತಿತ್ತು. ಬೆಚ್ಚಗಿನ ತೇವದ ಆ ವರ್ಷ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ರೋಗ ಬೇಸಿಗೆಯೊಳಗೆ ಉತ್ತರದ ಮೆಕ್ಕೆಜೋಳದ ಸೀಮೆಯನ್ನು ಮುಟ್ಟಿತು. ದೇಶದ ಒಟ್ಟು ಉತ್ಪಾದನೆಯ ಸುಮಾರು ಶೇ 15 ಭಾಗ, ಅಂದಿನ ಬೆಲೆಯಲ್ಲಿ ಸುಮಾರು 100 ಕೋಟಿ ಡಾಲರ್ ಮೌಲ್ಯದ ಬೆಳೆ ನಷ್ಟವಾಯಿತು. ಬೀಜೋದ್ಯಮ ಮತ್ತೆ ಸೂಲಂಗಿ ಕೀಳುವ ಹಳೆಯ ಪದ್ಧತಿಗೆ ಮರಳಿತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1972ರಲ್ಲಿ ಮುಖ್ಯ ಬೆಳೆಗಳ ಆನುವಂಶಿಕ ದೌರ್ಬಲ್ಯದ ಬಗ್ಗೆ ವರದಿಯನ್ನೇ ಪ್ರಕಟಿಸಿತು.

ಭಾರತದಲ್ಲಿ 1957ರಲ್ಲಿ ಆರಂಭವಾದ ಅಖಿಲ ಭಾರತ ಸುಸಂಘಟಿತ ಮೆಕ್ಕೆಜೋಳ ಯೋಜನೆಯು ಬೆಳೆಯೊಂದಕ್ಕಾಗಿ ದೇಶದಲ್ಲಿ ರೂಪುಗೊಂಡ ಮೊದಲ ಸುಸಂಘಟಿತ ಯೋಜನೆಯಾಗಿದ್ದು, 1961ರಲ್ಲಿ ಗಂಗಾ-1, ಗಂಗಾ-101, ರಣಜಿತ್ ಮತ್ತು ಡೆಕ್ಕನ್ ಎಂಬ ಹೈಬ್ರಿಡ್‌ಗಳನ್ನು ಹೊರತಂದಿತು. ಈ ವ್ಯವಸ್ಥೆಯಲ್ಲಿ ಹೊಸ ತಳಿಗಳನ್ನು ರೋಗ ಹೆಚ್ಚಿರುವ ಕೇಂದ್ರಗಳಲ್ಲಿ ಬೆಳೆಸಿ, ರೋಗದ ತೀವ್ರತೆಗೆ ಅಂಕ ಕೊಟ್ಟು ಅಳೆಯುತ್ತಾರೆ, ಮಂಡ್ಯದ ವಿ. ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ಇಂತಹ ಪರೀಕ್ಷೆಗಳಿಗೆ ಹೆಸರಾದುದು. ಆದರೆ ಮಾರುಕಟ್ಟೆಯಲ್ಲಿ ಬೀಜ ಕೊಳ್ಳುವ ರೈತನ ಕೈಗೆ ಈ ಅಂಕ ತಲಪುವುದು ಅಪರೂಪ. ಚೀಲದ ಮೇಲೆ ತೆನೆಯ ಬಣ್ಣದ ಚಿತ್ರವಿರುತ್ತದೆ; ಎಲೆ ಅಂಗಮಾರಿಯನ್ನು ಆ ತಳಿ ಎಷ್ಟು ತಡೆಯುತ್ತದೆ ಎಂಬ ಮಾತು ಎದ್ದು ಕಾಣುವಂತೆ ಇರುವುದಿಲ್ಲ.

ಕೊನೆಯದಾಗಿ ಹೊಲದಲ್ಲಿ ಆಗಬೇಕಾದ ಕೆಲಸದ ವಿಚಾರ. ಹಿಂದಿನ ವರ್ಷದ ಉಳಿಕೆಯಲ್ಲಿ ಶಿಲೀಂಧ್ರ ಬದುಕುವುದರಿಂದ ವರ್ಷವರ್ಷವೂ ಅದೇ ಹೊಲದಲ್ಲಿ ಮೆಕ್ಕೆಜೋಳ ಬಿತ್ತುವುದು ರೋಗಕ್ಕೆ ಅನ್ನ ಹಾಕಿದಂತೆ. ತೊಗರಿ, ಶೇಂಗಾ, ಅವರೆ, ಹತ್ತಿಯಂತಹ ಬೇರೆ ಬೆಳೆಗಳನ್ನು ನಡುವೆ ತಂದು, ಉಳಿದ ದಂಟು ರವದಿಗಳನ್ನು ಸುಡದೆ ಉಳುಮೆಯಲ್ಲಿ ಮಣ್ಣಿಗೆ ಸೇರಿಸಿದರೆ ಅವು ಕೊಳೆತು ಶಿಲೀಂಧ್ರದ ನೆಲೆ ತಪ್ಪುತ್ತದೆ. ಸಕಾಲದ ಬಿತ್ತನೆ ಮತ್ತು ಶಿಫಾರಸಿನ ಪ್ರಮಾಣದ ಪೊಟ್ಯಾಷ್ ಗಿಡದ ದಂಟನ್ನು ಗಟ್ಟಿಯಾಗಿಡುತ್ತವೆ. ಇನ್ನು ಶಿಲೀಂಧ್ರನಾಶಕಗಳಲ್ಲಿ ಎಲೆಯ ಮೇಲ್ಮೈಯಲ್ಲೇ ನಿಂತು ತಡೆಯುವ ಮ್ಯಾಂಕೋಜೆಬ್‌ನಂತಹವು ಒಂದು ಬಗೆ. ಎಲೆಯೊಳಗೆ ಸೇರಿ ಕೆಲಸ ಮಾಡುವ ಪ್ರೊಪಿಕೊನಜೋಲ್, ಅಜಾಕ್ಸಿಸ್ಟ್ರೋಬಿನ್‌ನಂತಹವು ಇನ್ನೊಂದು ಬಗೆ. ಮೊದಲ ಬಗೆಯನ್ನು ರೋಗ ಹರಡುವ ಮುನ್ನವೇ ಬಳಸಬೇಕು. ಎರಡನೆಯ ಬಗೆಯಲ್ಲಿ ಒಂದನ್ನೇ ಮತ್ತೆ ಮತ್ತೆ ಬಳಸಿದರೆ ಶಿಲೀಂಧ್ರ ಅದಕ್ಕೆ ಒಗ್ಗಿಹೋಗುವ ಅಪಾಯವಿದೆ. ಎರಡಕ್ಕೂ ಅನ್ವಯಿಸುವ ನಿಯಮ ಈ ಉಪನ್ಯಾಸದ ಎರಡನೆಯ ಭಾಗದಿಂದಲೇ ಹೊರಡುತ್ತದೆ: ಸೂಲಂಗಿ ಹೊರಡುವ ಮೊದಲಿನ ಎರಡು ವಾರಗಳಲ್ಲಿ ಹೊಲದ ಅಂಚಿನಲ್ಲಿ ಮಾತ್ರವಲ್ಲದೆ ನಡುವೆಯೂ ನಡೆದು ಕೆಳಗಿನ ಮತ್ತು ನಡುವಿನ ಎಲೆಗಳನ್ನು ನೋಡಬೇಕು, ತಳಿ ರೋಗಕ್ಕೆ ಬಗ್ಗುವಂತಹುದಾಗಿ, ಮಚ್ಚೆ ಮೇಲೇರುತ್ತಿದ್ದು, ಮೋಡದ ಹವೆ ಮುಂದುವರಿಯುವ ಲಕ್ಷಣವಿದ್ದರೆ ಸಿಂಪಡಣೆಗೆ ಅದೇ ಸಮಯ. ಕಾಳು ಹಿಟ್ಟುಗಟ್ಟಿದ ಮೇಲೆ ಹೊಲ ಸುಟ್ಟಂತೆ ಕಂಡಿತೆಂದು ಗಾಬರಿಯಿಂದ ಮಾಡುವ ಸಿಂಪಡಣೆಯಿಂದ ಲಾಭ ಔಷಧಿ ಅಂಗಡಿಗೆ ಮಾತ್ರ.

ಇಲ್ಲಿಯವರೆಗಿನ ವಿವರಣೆಯ ಸಾರವನ್ನು ಹೀಗೆ ಹೇಳಬಹುದು. ಎಲೆ ಅಂಗಮಾರಿಯನ್ನು ನಿರ್ಮೂಲ ಮಾಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ತೆನೆಯ ಎಲೆಯನ್ನು ಕಾಳು ತುಂಬುವ ವಾರಗಳಲ್ಲಿ ಹಸಿರಾಗಿ ಉಳಿಸಿಕೊಂಡರೆ ಸಾಕು. ಅದಕ್ಕಾಗಿ ಸಂಶೋಧಕರು ಒಂದೇ ವಂಶವಾಹಿಯನ್ನು ನೆಚ್ಚದೆ ವೈವಿಧ್ಯವುಳ್ಳ ತಳಿಗಳನ್ನು ರೂಪಿಸಬೇಕು. ಬೀಜ ಮಾರುವವರು ಹಾಗೂ ಕೃಷಿ ಇಲಾಖೆಯವರು ಪ್ರತಿ ತಳಿಯ ರೋಗ ನಿರೋಧಕತೆಯ ಅಂಕವನ್ನು ಬಿತ್ತನೆಗೆ ಮೊದಲೇ ರೈತರಿಗೆ ಕನ್ನಡದಲ್ಲಿ ತಿಳಿಸಬೇಕು. ರೈತರು ಬೀಜ ಕೊಳ್ಳುವಾಗ ತೆನೆಯ ಗಾತ್ರವನ್ನು ಕೇಳುವಂತೆಯೇ ಎಲೆ ರೋಗದ ಬಗ್ಗೆಯೂ ಕೇಳಬೇಕು. ಈ ಮೂರರಲ್ಲಿ ಎರಡನೆಯದಕ್ಕೆ ಹೊಸ ಸಂಶೋಧನೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಬರುವ ಮುಂಗಾರಿನಿಂದಲೇ ಅದನ್ನು ಆರಂಭಿಸಬೇಕೆಂಬುದು ಈ ಸಭೆಯ ಮುಂದಿರುವ ವಿನಂತಿ.